ಸಕುಟುಂಬ ಮುಕ್ತಿನಾಥಯಾತ್ರೆ: ಸಣ್ಣ ವಿಮಾನಕ್ಕೆ ತಕ್ಕ ಕಾಲ ಯಾವುದು?

ಬೇಸಗೆಯ ರಜೆ ಸಮೀಪಿಸಿತೆಂದರೆ ಈ ಪುಟಕ್ಕೆ ಬರುವ ಪತ್ರಗಳಲ್ಲಿ ಯಾತ್ರಾವಿಚಾರವೇ ಹೆಚ್ಚು. ಈ ಸಾರಿ ಬಂದವುಗಳ ಪೈಕಿ ಗೃಹಿಣಿಯೊಬ್ಬರು ಕೇಳಿರುವ ಪ್ರಶ್ನೆಯು ಅನೇಕ ಮನೆಗಳಿಗೆ ಸಲ್ಲತಕ್ಕದ್ದಾಗಿರುವುದರಿಂದ ಅದನ್ನೇ ಈ ತಿಂಗಳ ವಿಷಯವನ್ನಾಗಿ ತೆಗೆದುಕೊಂಡಿದ್ದೇವೆ. ಅವರ ಅತ್ತೆಯವರಿಗೆ ಎಪ್ಪತ್ತು ದಾಟಿದೆ. ತಲೆಮಾರುಗಳಿಂದ ಮನೆಯ ದೇವರ ಸಂಪುಟದಲ್ಲಿ ಪೂಜೆಗೊಳ್ಳುತ್ತಿರುವ ಸಾಲಿಗ್ರಾಮಗಳು ಯಾವ ನದಿಯ ಮಡಿಲಿನಿಂದ ಬಂದುವೋ ಆ ಗಂಡಕಿಯನ್ನು ಕಣ್ಣಾರೆ ಕಂಡು, ಮುಕ್ತಿನಾಥಸ್ವಾಮಿಯ ದರ್ಶನ ಮಾಡಬೇಕೆಂಬುದು ಆ ಹಿರಿಯರ ಬಹುಕಾಲದ ಹಂಬಲ. ಮಕ್ಕಳಿಬ್ಬರಿಗೂ ಏಪ್ರಿಲ್, ಮೇ ತಿಂಗಳುಗಳಲ್ಲಿ ಶಾಲೆ ಇಲ್ಲ. ಯಜಮಾನರಿಗೂ ಆಗಲೇ ರಜೆ ದೊರೆಯುವುದು. ನೇಪಾಳದ ಪೋಖರಾದಿಂದ ಜೋಮ್‌ಸೋಮಿಗೆ ಸಣ್ಣ ವಿಮಾನಗಳು ಹೋಗುತ್ತವೆಂದು ಕೇಳಿ, ಮೇ ತಿಂಗಳಿನಲ್ಲೇ ಟಿಕೆಟ್ಟು ಕೊಳ್ಳಬಹುದೇ ಎಂದು ವಿಚಾರಿಸಿದ್ದಾರೆ.

ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುವೆವು. ಮೇ ಬೇಡ, ಶರತ್ಕಾಲದವರೆಗೆ ತಾಳಿರಿ. ಎಪ್ಪತ್ತು ದಾಟಿದವರ ವಿಷಯದಲ್ಲಿ ಆರು ತಿಂಗಳು ಕಾಯಿರೆಂದು ಹೇಳುವುದು ಸುಲಭದ ಮಾತಲ್ಲವೆಂಬುದನ್ನು ನಾವು ಬಲ್ಲೆವು. ಆದುದರಿಂದಲೇ ಕಾರಣವನ್ನು ಸ್ವಲ್ಪ ವಿಸ್ತಾರವಾಗಿ ಬರೆಯಬೇಕಾಗಿದೆ.

ಈ ಹಾದಿಯಲ್ಲಿ ಬಹುಕಾಲದಿಂದ ಹಾರುತ್ತ ಬಂದಿರುವುದು ಟ್ವಿನ್ ಆಟರ್ ಮುಂತಾದ ಎರಡು ಎಂಜಿನ್ನುಗಳ ಪುಟ್ಟ ವಿಮಾನ. ಹತ್ತೊಂಬತ್ತು ಮಂದಿ ಕುಳಿತರೆ ತುಂಬಿತು. ಪೋಖರಾ ಸಮುದ್ರಮಟ್ಟಕ್ಕಿಂತ 800 ಮೀಟರಿನಷ್ಟೇ ಮೇಲಿರುವ ಊರು, ಅಂದರೆ ನಮ್ಮ ಬೆಂಗಳೂರಿಗಿಂತಲೂ ತಗ್ಗು. ಜೋಮ್‌ಸೋಮಾದರೋ 2,700 ಮೀಟರಿನ ಮೇಲಿದೆ. ನಡುವಣ ಹಾರಾಟಕ್ಕೆ ಇಪ್ಪತ್ತು ಇಪ್ಪತ್ತೈದು ನಿಮಿಷ ಸಾಕು. ಆದರೆ ಆ ಇಪ್ಪತ್ತು ನಿಮಿಷಗಳಲ್ಲಿ ವಿಮಾನವು ಒಂದು ಕಡೆಗೆ 8,167 ಮೀಟರಿನ ಧವಳಗಿರಿಯನ್ನೂ ಇನ್ನೊಂದು ಕಡೆಗೆ 8,091 ಮೀಟರಿನ ಅನ್ನಪೂರ್ಣೆಯನ್ನೂ ಇಟ್ಟುಕೊಂಡು, ಅವೆರಡರ ನಡುವೆ ಕಾಳಿಗಂಡಕಿಯು ಕೊರೆದಿರುವ ಕಣಿವೆಯಲ್ಲಿ ತೂರಿ ಹೋಗಬೇಕು. ದೊಡ್ಡ ವಿಮಾನಗಳು ಮೋಡಗಳ ಮೇಲೇರಿ ಹೋಗುವಂತೆ ಇದು ಬೆಟ್ಟಗಳ ಮೇಲೇರಿ ಹೋಗುವುದಿಲ್ಲ. ಬೆಟ್ಟಗಳ ಪಕ್ಕದಲ್ಲಿ ಹೋಗುತ್ತದೆ. ಚಾಲಕನು ದಾರಿಯನ್ನು ಕಣ್ಣಿನಿಂದ ನೋಡಿಯೇ ನಡೆಸತಕ್ಕದ್ದು. ಕಣಿವೆಯಲ್ಲಿ ಮೋಡ ಕವಿದರೆ ದಾರಿ ಮುಚ್ಚಿತೆಂದೇ ಅರ್ಥ.

ಮೋಡದ ಜೊತೆಗೆ ಗಾಳಿಯ ಮಾತೂ ಉಂಟು. ಜೋಮ್‌ಸೋಮಿಗೆ ಹೋಗುವವರು ಎಲ್ಲಕ್ಕಿಂತ ಮೊದಲು ತಿಳಿದುಕೊಳ್ಳಬೇಕಾದುದು ಇದನ್ನೇ. ಸೂರ್ಯೋದಯವಾಗಿ ಬಿಸಿಲೇರಿದಂತೆ ಉತ್ತರದ ಮುಸ್ತಾಂಗಿನ ಬೋಳು ಪ್ರಸ್ಥಭೂಮಿ ಕಾಯುತ್ತದೆ. ಅಲ್ಲಿಯ ಗಾಳಿ ಹಗುರಾಗಿ ಮೇಲೇಳುತ್ತದೆ. ಆ ತೆರವನ್ನು ತುಂಬಲು ದಕ್ಷಿಣದ ಗಾಳಿಯೆಲ್ಲ ಕಾಳಿಗಂಡಕಿಯ ಇಕ್ಕಟ್ಟಾದ ಕಣಿವೆಯೊಳಗೆ ನುಗ್ಗುತ್ತದೆ. ಅಕ್ಕಸಾಲೆಯು ಊದುವ ಕೊಳವೆಯಂತೆ, ಬಾಯಿ ಸಣ್ಣದಾದಷ್ಟೂ ಊದು ಬಿರುಸು. ಬೆಳಿಗ್ಗೆ ಒಂಬತ್ತು ಹತ್ತು ಗಂಟೆಗೆ ಎಲೆ ಅಲುಗುವಷ್ಟಿದ್ದುದು ಮಧ್ಯಾಹ್ನದ ಹೊತ್ತಿಗೆ ಗಂಟೆಗೆ 50-60 ಕಿಲೋಮೀಟರಿನ ವೇಗವನ್ನು ಮುಟ್ಟಿ, ಮರಳನ್ನೆರಚುತ್ತ ಸಂಜೆಯವರೆಗೂ ಬೀಸುತ್ತದೆ. ಆ ಕಣಿವೆಯಲ್ಲಿ ಒಂದೇ ದಿಕ್ಕಿಗೆ ಬಾಗಿ ಬೆಳೆದಿರುವ ಮರಗಳುಂಟು. ಮಾರ್ಫಾ ಎಂಬ ಹಳ್ಳಿಯ ಮನೆಗಳು ಒಂದಕ್ಕೊಂದು ಒತ್ತಿಕೊಂಡು, ಓಣಿಗಳನ್ನು ಗಾಳಿಗೆ ಮರೆಮಾಡಿಕೊಂಡು ನಿಂತಿರುವುದನ್ನು ಕಂಡರೆ ಆ ಊರಿನವರು ಗಾಳಿಯೊಡನೆ ಎಷ್ಟು ಕಾಲದಿಂದ ಒಗೆತನ ಮಾಡಿಕೊಂಡು ಬಂದಿದ್ದಾರೆಂಬುದು ತಿಳಿಯುತ್ತದೆ. ಈ ಕಾರಣದಿಂದ ಜೋಮ್‌ಸೋಮಿನ ವಿಮಾನಗಳೆಲ್ಲ ಬೆಳಗಿನವೇ. ಹೊತ್ತು ಏರಿತೋ, ಆ ದಿನದ ಹಾರಾಟ ಮುಗಿಯಿತು.

ಇಷ್ಟು ತಿಳಿದ ಮೇಲೆ ಋತುವಿನ ಪ್ರಶ್ನೆ ತಾನಾಗಿ ಬಿಡಿಸಿಕೊಳ್ಳುತ್ತದೆ. ನಮಗೆ ಬೇಕಾದುದು ಬಿಸಿಲೂ ಅಲ್ಲ, ತಂಪೂ ಅಲ್ಲ. ಬೆಳಿಗ್ಗೆ ಆರರಿಂದ ಹತ್ತರವರೆಗೆ ಪೋಖರಾ, ಕಣಿವೆ, ಜೋಮ್‌ಸೋಮು ಈ ಮೂರೂ ಏಕಕಾಲದಲ್ಲಿ ನಿರ್ಮಲವಾಗಿರುವ ದಿನಗಳು ಬೇಕು. ಅಂಥ ದಿನಗಳು ಯಾವ ಋತುವಿನಲ್ಲಿ ಒಂದರ ಹಿಂದೊಂದು ಬರುತ್ತವೆಯೋ ಅದೇ ಉತ್ತಮ ಋತು.

ಮಳೆಗಾಲವನ್ನು ಬೇಗನೆ ತಳ್ಳಿಹಾಕಬಹುದು; ಆದರೂ ಅದರಲ್ಲೊಂದು ಸ್ವಾರಸ್ಯವಿದೆ. ಜೋಮ್‌ಸೋಮು ಹಿಮಾಲಯದ ಬೆನ್ನ ಹಿಂದೆ, ಮಳೆಯ ನೆರಳಿನಲ್ಲಿರುವ ಊರು. ಅಲ್ಲಿ ವರ್ಷವೆಲ್ಲ ಸುರಿದರೂ 300 ಮಿಲಿಮೀಟರಿನ ಆಸುಪಾಸು. ಪೋಖರಾದ ಬಳಿಯ ಲುಮ್ಲೆಯಲ್ಲಿಯೋ, ವರ್ಷಕ್ಕೆ 5,000 ಮಿಲಿಮೀಟರಿಗೂ ಮೀರಿದ ಮಳೆ. ನಮ್ಮ ಆಗುಂಬೆಯ ಕಡೆಯವರಿಗೆ ಅದೇನೆಂದು ವಿವರಿಸಬೇಕಾಗಿಲ್ಲ. ಹೀಗಾಗಿ ಆಷಾಢ ಶ್ರಾವಣಗಳಲ್ಲಿ ಮುಕ್ತಿನಾಥದಲ್ಲಿ ಬಿಸಿಲು ಕಾಯುತ್ತಿರುವಾಗ ಪೋಖರಾದ ಯಾತ್ರಿಕರು ಮೋಡದ ಕೆಳಗೆ ಮೂಟೆ ಕಟ್ಟಿಕೊಂಡು ಕುಳಿತಿರುತ್ತಾರೆ. ಮೇಲೆ ಬಿಸಿಲಿದೆಯೆಂಬ ಮಾತನ್ನು ನಂಬಿ ಜೂನಿನಿಂದ ಸೆಪ್ಟೆಂಬರಿನವರೆಗೆ ಟಿಕೆಟ್ಟು ತೆಗೆಯತಕ್ಕದ್ದಲ್ಲ. ಆ ತಿಂಗಳುಗಳಲ್ಲಿ ರಸ್ತೆಯೂ ಗುಡ್ಡಕುಸಿತದಿಂದ ಮುಚ್ಚುವುದುಂಟಾದ್ದರಿಂದ ಹಿಂದಿರುಗುವ ದಾರಿ ಎರಡೂ ಕಡೆ ಕಟ್ಟಿಹೋಗಬಹುದು.

ಇನ್ನು ವಾಚಕರು ಕೇಳಿರುವ ಬೇಸಗೆ. ಮಾರ್ಚಿನಿಂದ ಮೇ ತಿಂಗಳವರೆಗಿನ ಕಾಲವನ್ನು ಪ್ರವಾಸದ ಕರಪತ್ರಗಳು ವಸಂತವೆಂದು ಹೊಗಳುವುವು. ಹೂಗಳ ಮಟ್ಟಿಗೆ ಅದು ನಿಜ. ಆದರೆ ಆಗ ಕಾಡಿನ ಬೆಂಕಿಯ ಹೊಗೆಯೂ ಬಯಲುಸೀಮೆಯ ಧೂಳೂ ಸೇರಿ ಆಕಾಶವನ್ನು ಮಸುಕುಗೊಳಿಸುತ್ತವೆ. 2021ರ ಮಾರ್ಚ್ ಕೊನೆಯಲ್ಲಿ ಈ ಹೊಗೆ ಎಷ್ಟು ದಟ್ಟವಾಯಿತೆಂದರೆ ನೇಪಾಳ ಸರಕಾರವು ನಾಲ್ಕು ದಿನಗಳ ಕಾಲ ಶಾಲೆಗಳನ್ನೇ ಮುಚ್ಚಿಸಬೇಕಾಯಿತು. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು ಬಲಿತಂತೆ ಕಣಿವೆಯ ಗಾಳಿಯೂ ಬಲಿಯುತ್ತದೆ, ಮುಂಗಾರಿಗೆ ಮುಂಚಿನ ಗುಡುಗು ಮೋಡಗಳೂ ಬೆಟ್ಟಗಳ ಮೇಲೆ ಕಟ್ಟತೊಡಗುತ್ತವೆ. ಇನ್ನೊಂದು ಸೂಕ್ಷ್ಮವೂ ಉಂಟು. ವಿಮಾನವನ್ನು ಎತ್ತಿಹಿಡಿಯುವುದು ರೆಕ್ಕೆಗಳ ಸುತ್ತ ಹರಿಯುವ ಗಾಳಿ. ಎತ್ತರದಲ್ಲಿ ಗಾಳಿ ತೆಳುವು. ಸೆಕೆಗೆ ಮತ್ತೂ ತೆಳುವಾಗುತ್ತದೆ. ತೆಳುಗಾಳಿಯಲ್ಲಿ ಅದೇ ಭಾರವನ್ನು ಎತ್ತಲು ಹೆಚ್ಚು ವೇಗವೂ ಹೆಚ್ಚು ಉದ್ದದ ರನ್‌ವೇಯೂ ಬೇಕು. ಜೋಮ್‌ಸೋಮಿನ ರನ್‌ವೇ ಒಂದು ಕಿಲೋಮೀಟರೂ ಇಲ್ಲ. ಬೆಳಗಿನ ತಂಪಿನಲ್ಲಿಯೇ ಹಾರಿಬಿಡುವುದಕ್ಕೆ ಇದೂ ಒಂದು ಕಾರಣ.

ಇದೇ ಹಾದಿಯಲ್ಲಿ ನಡೆದ ಅನಾಹುತಗಳನ್ನು ಮುಚ್ಚಿಡುವುದು ನ್ಯಾಯವಲ್ಲ. 2012ರ ಮೇ 14ರಂದು ಜೋಮ್‌ಸೋಮಿನ ಸಮೀಪದಲ್ಲಿ ಡಾರ್ನಿಯರ್ ವಿಮಾನವೊಂದು ಬಿದ್ದು, ಅದರಲ್ಲಿದ್ದ 21 ಮಂದಿಯಲ್ಲಿ 15 ಮಂದಿ ಮಡಿದರು. ಅವರಲ್ಲಿ ಭಾರತದ ಯಾತ್ರಿಕರು ಹಲವರಿದ್ದರು. 2022ರ ಮೇ 29ರಂದು ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಪೋಖರಾದಿಂದ ಹೊರಟ ಟ್ವಿನ್ ಆಟರ್ ಜೋಮ್‌ಸೋಮನ್ನು ಮುಟ್ಟಲೇ ಇಲ್ಲ. ಮೋಡ ಕವಿದ ಬೆಟ್ಟದ ಪಕ್ಕಕ್ಕೆ ಬಡಿದು 22 ಮಂದಿಯೂ ತೀರಿಕೊಂಡರು. ಅವರಲ್ಲಿ ನಾಲ್ವರು ಭಾರತದ ಒಂದೇ ಕುಟುಂಬದವರು: ತಂದೆ, ತಾಯಿ, ಮಗ, ಮಗಳು. ಮೇ ತಿಂಗಳಿನಲ್ಲಿ ಹೊರಟವರೆಲ್ಲರಿಗೂ ಹೀಗಾಗುವುದೆಂದು ನಾವು ಹೇಳುತ್ತಿಲ್ಲ. ಸಾವಿರಾರು ಜನ ಕ್ಷೇಮವಾಗಿ ಹೋಗಿಬಂದಿದ್ದಾರೆ. ಅಪಘಾತಕ್ಕೆ ಋತುವೊಂದೇ ಕಾರಣವೂ ಅಲ್ಲ. ನೇಪಾಳದ ವಿಮಾನಸಂಸ್ಥೆಗಳ ಮೇಲ್ವಿಚಾರಣೆ ಸಾಲದೆಂದು 2013ರ ಡಿಸೆಂಬರಿನಲ್ಲಿ ಯುರೋಪಿಯನ್ ಒಕ್ಕೂಟವು ಅವನ್ನೆಲ್ಲ ತನ್ನ ನಿಷೇಧದ ಪಟ್ಟಿಗೆ ಸೇರಿಸಿತೆಂಬುದನ್ನೂ ಗೃಹಸ್ಥರು ತಿಳಿದಿರಬೇಕು. ಆದರೆ ಸಂಸ್ಥೆಯನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ; ಹೊರಡುವ ದಿನವನ್ನು ಆರಿಸುವುದು ನಮ್ಮ ಕೈಯಲ್ಲಿದೆ. ಮಕ್ಕಳನ್ನೂ ಮುದುಕರನ್ನೂ ಒಂದೇ ವಿಮಾನದಲ್ಲಿ ಕೂರಿಸುವವರು ತಮ್ಮ ಪಾಲಿನ ಎಚ್ಚರವನ್ನು ಪೂರ್ತಿಯಾಗಿ ವಹಿಸುವುದು ಕರ್ತವ್ಯ.

ಚಳಿಗಾಲದ ವಿಷಯದಲ್ಲಿ ಅನೇಕರಿಗೆ ಭ್ರಮೆಯುಂಟು. ಡಿಸೆಂಬರ್, ಜನವರಿಗಳಲ್ಲಿ ಆಕಾಶವು ನೀಲಿಯಾಗಿ, ಹಿಮಶಿಖರಗಳು ಬೆಳ್ಳಗೆ ಹೊಳೆಯುತ್ತವೆ. ಚಿತ್ರಗಳಲ್ಲಿ ಇದಕ್ಕಿಂತ ಸೊಗಸಾದ ಕಾಲವಿಲ್ಲ. ಆದರೆ ಆಗ ಪೋಖರಾದ ಕಣಿವೆಯಲ್ಲಿ ಬೆಳಗಿನ ಮಂಜು ಕವಿದುಕೊಳ್ಳುವುದುಂಟು. ಮಂಜು ಕರಗುವಷ್ಟರಲ್ಲಿ ಹೊತ್ತೇರಿರುತ್ತದೆ. ಹೊತ್ತೇರಿದರೆ ಜೋಮ್‌ಸೋಮಿನ ಗಾಳಿ ಎದ್ದಿರುತ್ತದೆ. ಒಂದು ತುದಿಯ ಬಾಗಿಲು ತೆರೆಯುವ ಹೊತ್ತಿಗೆ ಇನ್ನೊಂದು ತುದಿಯದು ಮುಚ್ಚಿಕೊಳ್ಳುತ್ತದೆ. 2016ರ ಫೆಬ್ರವರಿ 24ರಂದು ಇದೇ ದಾರಿಯ ವಿಮಾನವೊಂದು ಮೋಡದ ನಡುವೆ ಬೆಟ್ಟಕ್ಕೆ ತಾಗಿ 23 ಮಂದಿ ಸತ್ತುದು ಚಳಿಗಾಲದಲ್ಲಿಯೇ. ಇದರ ಮೇಲೆ ಮುಕ್ತಿನಾಥದ ಚಳಿ ಬೇರೆ. ಗುಡಿಯ ಹಿಂದೆ ಗೋಮುಖಗಳಿಂದ ಸುರಿಯುವ 108 ಧಾರೆಗಳ ಕೆಳಗೆ ನಡೆದು, ಎದುರಿನ ಎರಡು ಕುಂಡಗಳಲ್ಲಿ ಮುಳುಗಿ ಏಳುವುದು ಅಲ್ಲಿಯ ಸಂಪ್ರದಾಯ. ನವೆಂಬರಿನಲ್ಲಿಯೇ ಕೊರೆಯುವ ಆ ನೀರು ಜನವರಿಯಲ್ಲಿ ಹೇಗಿರುವುದೆಂಬುದನ್ನು ಊಹಿಸಿಕೊಳ್ಳಿರಿ. ಎಪ್ಪತ್ತು ದಾಟಿದವರಿಗೆ ಅದು ತೀರ್ಥವಾಗುವುದಕ್ಕಿಂತ ಶಿಕ್ಷೆಯಾಗುವ ಸಂಭವವೇ ಹೆಚ್ಚು.

ಉಳಿದುದು ಶರತ್ಕಾಲ. ಮಳೆ ತೊಳೆದುಹೋದ ಆಕಾಶ, ಅಡಗಿದ ಧೂಳು, ಇನ್ನೂ ಬಿಗಿಯದ ಚಳಿ, ಇನ್ನೂ ಕವಿಯದ ಮಂಜು. ಅಕ್ಟೋಬರ್ ತಿಂಗಳ ಮಧ್ಯದಿಂದ ನವೆಂಬರ್ ಮೂರನೆಯ ವಾರದವರೆಗಿನ ಐದಾರು ವಾರಗಳನ್ನು ನಾವು ನಿಶ್ಶಂಕೆಯಾಗಿ ಮೊದಲ ಸ್ಥಾನದಲ್ಲಿಡುವೆವು. ಗಾಳಿ ಆಗಲೂ ಬೀಸುತ್ತದೆ. ಆದರೆ ಬೆಳಗಿನ ಹೊತ್ತುಗಳು ಒಂದರ ಹಿಂದೊಂದು ತಿಳಿಯಾಗಿ ಬರುವುವು. ಇಂದು ತಪ್ಪಿದ ವಿಮಾನ ನಾಳೆ ಹಾರುವ ಸಂಭವ ಆ ವಾರಗಳಲ್ಲಿ ಇರುವಷ್ಟು ಬೇರೆ ಯಾವಾಗಲೂ ಇಲ್ಲ.

ಮಕ್ಕಳ ಶಾಲೆಯ ಗತಿಯೇನು ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ಇದಕ್ಕೆ ಪಂಚಾಂಗವನ್ನು ತೆರೆದು ನೋಡಬೇಕು. ನಮ್ಮ ದಸರಾ ರಜೆಯು ಚಾಂದ್ರಮಾನದ ಹಬ್ಬವನ್ನು ಹಿಡಿದು ಹೋಗುತ್ತದೆ. ಮುಂಗಾರು ಮಾತ್ರ ಸೂರ್ಯನನ್ನು ಹಿಡಿದು ಹೋಗುತ್ತದೆ. ಅಧಿಕಮಾಸ ಬಂದ ವರ್ಷ ದಸರಾ ತಡವಾಗಿ ಬರುವುದರಿಂದ ಮಳೆ ಅಷ್ಟರಲ್ಲಿ ಹಿಂದೆ ಸರಿದಿರುತ್ತದೆ. ಅಧಿಕ ಶ್ರಾವಣವಿದ್ದ 2023ರಲ್ಲಿ ವಿಜಯದಶಮಿ ಅಕ್ಟೋಬರ್ 24ರಂದು ಬಂತು. 2025ರಲ್ಲಿ ಅದೇ ಹಬ್ಬ ಅಕ್ಟೋಬರ್ 2ಕ್ಕೇ ಬಂದುಬಿಟ್ಟಿತು. 2026ರ ಪಂಚಾಂಗದಲ್ಲಿ ಅಧಿಕ ಜ್ಯೇಷ್ಠವಿದ್ದು, ವಿಜಯದಶಮಿ ಅಕ್ಟೋಬರ್ ಮೂರನೆಯ ವಾರಕ್ಕೆ ಬೀಳುತ್ತದೆ. ಹಬ್ಬವು ಅಕ್ಟೋಬರ್ 15ರ ಈಚೆಗೆ ಬಂದರೆ ದಸರಾ ರಜೆಯ ಕೊನೆಯ ದಿನಗಳನ್ನು ಹಿಡಿಯಿರಿ. ಮೊದಲೇ ಬಂದರೆ ಆ ರಜೆಯ ಆಸೆಯನ್ನು ಬಿಟ್ಟು, ದೀಪಾವಳಿಯ ಆಸುಪಾಸಿನಲ್ಲಿ ಮಕ್ಕಳಿಗೆ ನಾಲ್ಕು ದಿನ ಶಾಲೆ ತಪ್ಪಿಸಿದರೂ ಅಡ್ಡಿಯಿಲ್ಲ. ಉಪಾಧ್ಯಾಯರು ಸಿಟ್ಟಾಗಬಹುದು, ಗಂಡಕಿಯನ್ನೂ ಧವಳಗಿರಿಯನ್ನೂ ಕಂಡುಬಂದ ಹುಡುಗನ ಭೂಗೋಳಪಾಠ ಅವರಿಗೆ ಹಗುರವಾಗುವುದು. ಸೆಪ್ಟೆಂಬರಿನ ಕೊನೆ ಮಾತ್ರ ಕೂಡದು. 2024ರ ಸೆಪ್ಟೆಂಬರ್ ಕೊನೆಯ ದಿನಗಳಲ್ಲಿ ನೇಪಾಳದಲ್ಲಿ ಸುರಿದ ಮಳೆಯ ಪ್ರವಾಹಕ್ಕೆ ಇನ್ನೂರಕ್ಕೂ ಹೆಚ್ಚು ಮಂದಿ ಬಲಿಯಾದರು.

ಹಬ್ಬದ ವಿಷಯದಲ್ಲಿ ಇನ್ನೊಂದು ಮಾತು. ನಮ್ಮ ದಸರೆಯೇ ನೇಪಾಳದಲ್ಲಿ ದಶೈಂ. ಆ ನಾಡಿಗೆಲ್ಲ ಅದು ದೊಡ್ಡ ಹಬ್ಬ. ಊರು ಬಿಟ್ಟವರೆಲ್ಲ ಹಿರಿಯರ ಕೈಯಿಂದ ಹಣೆಗೆ ತಿಲಕವಿಡಿಸಿಕೊಳ್ಳಲು ಮನೆಗೆ ಹಿಂದಿರುಗುವ ಕಾಲವಾದುದರಿಂದ ಬಸ್ಸು, ವಿಮಾನಗಳಲ್ಲಿ ಸ್ಥಳ ಸಿಗುವುದು ಕಷ್ಟ, ಅಂಗಡಿ ಕಚೇರಿಗಳೂ ಮುಚ್ಚಿರುತ್ತವೆ. ಆಶ್ವಯುಜದ ಹುಣ್ಣಿಮೆಗೆ ಅವರ ಹಬ್ಬ ಮುಗಿಯುತ್ತದೆ. ಹುಣ್ಣಿಮೆಯ ಅನಂತರದಿಂದ ದೀಪಾವಳಿಯವರೆಗಿನ ಎರಡು ವಾರ ಯಾತ್ರಿಕರಿಗೆ ಹೇಳಿಮಾಡಿಸಿದಂತಿರುವುದು.

ಒಳ್ಳೆಯ ಋತುವಿನಲ್ಲಿಯೂ ಕೆಟ್ಟ ದಿನಗಳಿಲ್ಲದಿಲ್ಲ. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುಡ್‌ಹುಡ್ ಚಂಡಮಾರುತದ ಉಳಿಕೆಯು ಉತ್ತರಕ್ಕೆ ಸಾಗಿ, ಎರಡು ದಿನಗಳ ಮೇಲೆ ಮುಕ್ತಿನಾಥದ ನೆತ್ತಿಯ ಮೇಲಿರುವ ಥೋರಂಗ್ ಕಣಿವೆದಾರಿಯಲ್ಲಿ ಹಿಮವಾಗಿ ಸುರಿಯಿತು. ನಾಲ್ವತ್ತಕ್ಕೂ ಹೆಚ್ಚು ಜನ ಸತ್ತರು. ಆದುದರಿಂದ ಅಕ್ಟೋಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತವೆದ್ದಿದೆಯೆಂಬ ವರ್ತಮಾನ ಬಂದರೆ, ಅದು ಆಂಧ್ರದ ಕರಾವಳಿಯ ಸಂಗತಿ, ನಮಗೇನು ಎಂದುಕೊಳ್ಳದೆ, ಪೋಖರಾದಲ್ಲಿಯೇ ಮೂರು ದಿನ ನಿಲ್ಲತಕ್ಕದ್ದು. ಫೇವಾ ಕೆರೆಯ ದಂಡೆಯಲ್ಲಿ ಮೂರು ದಿನ ಕಳೆಯುವುದು ಮಕ್ಕಳಿಗೇನೂ ಬೇಸರದ ಕೆಲಸವಲ್ಲ.

ಋತುವನ್ನು ಸರಿಯಾಗಿ ಆರಿಸಿಯೂ ದಿನಗಳನ್ನು ಬಿಗಿಯಾಗಿ ಲೆಕ್ಕ ಹಾಕುವವರು ಆರಿಸಿದ ಫಲವನ್ನೆಲ್ಲ ಕಳೆದುಕೊಳ್ಳುವರು. ಇಂದು ಹೋಗಿ ನಾಳೆ ದರ್ಶನ ಮಾಡಿ ನಾಡಿದ್ದು ಕಠ್ಮಂಡುವಿನಿಂದ ಊರಿಗೆ ಹೊರಡುವೆವೆಂದು ಬರೆದಿಟ್ಟುಕೊಂಡವರಿಗೆ, ಮೋಡ ಕಂಡ ದಿನ ತಾಳ್ಮೆಯಿರುವುದಿಲ್ಲ. ಇಷ್ಟು ದೂರ ಬಂದೆವಲ್ಲ, ಹೇಗಾದರೂ ಕಳುಹಿಸಿ ಎಂದು ವಿಮಾನದ ಕಚೇರಿಯಲ್ಲಿ ಒತ್ತಾಯಿಸುವವರು ಅಂಥವರೇ. ಯಾವ ಯಾತ್ರಿಕನೂ ಹಾಗೆ ಒತ್ತಾಯಿಸಕೂಡದು. ಮೇಲೆ ಹೋಗುವುದಕ್ಕೆ ಒಂದು ದಿನ, ಕೆಳಗಿಳಿಯುವುದಕ್ಕೆ ಒಂದು ದಿನ ಹೆಚ್ಚಾಗಿ ಇಟ್ಟುಕೊಳ್ಳಿರಿ. ದಿನದ ಮೊದಲನೆಯ ವಿಮಾನಕ್ಕೇ ಟಿಕೆಟ್ಟು ಕೇಳಿರಿ. ಬೆಳಿಗ್ಗೆ ಹತ್ತರೊಳಗೆ ವಿಮಾನವೇಳದಿದ್ದರೆ ಆ ದಿನ ಅದರ ಆಸೆಯನ್ನು ಬಿಡುವುದೆಂದು ಊರಿನಲ್ಲಿಯೇ ಮನೆಯವರೆಲ್ಲ ಕುಳಿತು ನಿಶ್ಚಯಿಸಿಕೊಂಡು ಹೊರಡುವುದು ಲೇಸು. ನಿಲ್ದಾಣದಲ್ಲಿ ನಿಂತು ಮಾಡುವ ನಿಶ್ಚಯಕ್ಕೆ ಆತುರ ಬೆರೆಯುತ್ತದೆ. ವಿಮಾನ ತಪ್ಪಿದರೆ ಬೇನಿಯ ಮೇಲಿನಿಂದ ಜೀಪಿನ ದಾರಿಯಿದೆ. 150 ಕಿಲೋಮೀಟರಿಗೂ ಮಿಕ್ಕಿದ ಆ ದಾರಿಗೆ ಇಡೀ ಹಗಲು ಬೇಕು. ಮೈಕೈ ನೋಯುವುದು ಖಂಡಿತ. ಆದರೂ ಶರತ್ಕಾಲದಲ್ಲಿ ಅದು ಒಣಗಿದ ದಾರಿ. ಮೇ ತಿಂಗಳಿಗಿಂತ ಅಕ್ಟೋಬರ್ ಮೇಲೆಂದು ನಾವು ಹೇಳುವುದಕ್ಕೆ ಇದೂ ಒಂದು ಕಾರಣ: ವಿಮಾನ ಕೈಕೊಟ್ಟರೂ ಯಾತ್ರೆ ಕೈಕೊಡುವುದಿಲ್ಲ.

ಅತ್ತೆಯವರ ದೇಹಸ್ಥಿತಿಯ ವಿಷಯ ಬೇರೆಯಾಗಿಯೇ ಹೇಳತಕ್ಕದ್ದು. ವಿಮಾನವು ಅವರನ್ನು ಅರ್ಧ ಗಂಟೆಯೊಳಗೆ ಸುಮಾರು 1,900 ಮೀಟರು ಮೇಲಕ್ಕೆ ಎತ್ತಿಬಿಡುತ್ತದೆ. ಮುಕ್ತಿನಾಥವು 3,700 ಮೀಟರಿನ ಮೇಲಿದೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರಕ್ಕೆ ಹತ್ತಿರ ಹತ್ತಿರ ಎರಡರಷ್ಟು. 2,500 ಮೀಟರನ್ನು ದಾಟಿದ ಮೇಲೆ ಪ್ರಾಣವಾಯು ಸಾಲದೆ ತಲೆನೋವು, ಓಕರಿಕೆ, ನಿದ್ರೆ ಬಾರದಿರುವುದು ಯಾರಿಗೂ ಬರಬಹುದು, ಗಟ್ಟಿಮುಟ್ಟಾದ ತರುಣರಿಗೂ. ಬೆಳಿಗ್ಗೆ ವಿಮಾನದಿಂದಿಳಿದು ಅದೇ ದಿನ ಜೀಪಿನಲ್ಲಿ ಗುಡಿಗೆ ಏರಿಬಿಡುವುದು ರೂಢಿಯಾಗಿದ್ದರೂ ನಾವು ಒಪ್ಪುವುದಿಲ್ಲ. ಜೋಮ್‌ಸೋಮಿನಲ್ಲಾಗಲಿ ಕಾಗಬೇನಿಯಲ್ಲಾಗಲಿ ಒಂದು ರಾತ್ರಿ ತಂಗಿರಿ. ಕಾಗಬೇನಿಯ ಸಂಗಮದಲ್ಲಿ ಪಿತೃಕಾರ್ಯ ಮಾಡಿಸುವ ಪದ್ಧತಿಯಿರುವುದರಿಂದ ಆ ದಿನವು ವ್ಯರ್ಥವೂ ಆಗದು. ಮರುದಿನ ನಿಧಾನವಾಗಿ ಮೇಲಕ್ಕೆ ಹೋಗಿ ದರ್ಶನ ಮಾಡಿ, ಮಲಗುವುದಕ್ಕೆ ಮತ್ತೆ ಕೆಳಗೆ ಬನ್ನಿರಿ. ಜೀಪು ನಿಲ್ಲುವಲ್ಲಿಂದ ಗುಡಿಗೆ ಏರುವ ದಾರಿಯಲ್ಲಿ ಉಸಿರು ಕಟ್ಟಿದರೆ ನಿಲ್ಲಬೇಕು. ತಲೆನೋವು ಹೆಚ್ಚಿ ವಾಂತಿಯಾದರೆ ಔಷಧಕ್ಕಿಂತ ಮೊದಲು ಕೆಳಗಿಳಿಸಬೇಕು. ಹೃದಯದ ಅಥವಾ ಶ್ವಾಸಕೋಶದ ತೊಂದರೆಯಿದ್ದವರು ಟಿಕೆಟ್ಟು ಕೊಳ್ಳುವುದಕ್ಕೆ ಮುಂಚೆಯೇ ವೈದ್ಯರ ಅಪ್ಪಣೆ ಪಡೆಯತಕ್ಕದ್ದು. ಇದಕ್ಕೆ ಯಾವ ಋತುವೂ ಪರಿಹಾರವಲ್ಲ. ಹೆಲಿಕಾಪ್ಟರಿನಲ್ಲಿ ನೇರವಾಗಿ ಮೇಲಕ್ಕೆ ಹೋಗಿಬಿಡುವೆವೆಂಬವರಿಗೂ ಗಾಳಿ ಮೋಡಗಳ ಮಾತು ಅದೇ. ಎತ್ತರದ ಬಾಧೆಯ ಭಯವೂ ತಪ್ಪುವುದಿಲ್ಲ. ಧಾರೆಗಳ ಕೆಳಗೆ ಹಿರಿಯರು ನೆನೆಯಲೇಬೇಕೆಂಬ ನಿರ್ಬಂಧವನ್ನು ಮನೆಯವರು ಹಾಕದಿರಲಿ; ಬೊಗಸೆಯಲ್ಲಿ ನೀರು ಹಿಡಿದು ಪ್ರೋಕ್ಷಿಸಿಕೊಂಡರೆ ಸ್ವಾಮಿಗೆ ಕೋಪ ಬಂದೀತೆಂದು ನಾವು ಭಾವಿಸುವುದಿಲ್ಲ.

ಸಾಮಾನಿನ ವಿಷಯ: ಇಂಥ ವಿಮಾನಗಳಲ್ಲಿ ತಲೆಗೆ 15 ಕಿಲೋಗ್ರಾಮಿನ ಆಸುಪಾಸಿಗಿಂತ ಹೆಚ್ಚು ಭಾರವನ್ನು ಒಪ್ಪುವುದಿಲ್ಲ. ಉಣ್ಣೆಯ ಬಟ್ಟೆ, ಕಿವಿ ಮುಚ್ಚುವ ಟೋಪಿ, ಗಾಳಿಯ ಮರಳಿಗೆ ಕನ್ನಡಕ, ದಿನನಿತ್ಯದ ಔಷಧ, ಒಂದು ಜೊತೆ ಒಣಬಟ್ಟೆ ಇಷ್ಟನ್ನು ಮಾತ್ರ ಮೇಲಕ್ಕೆ ಒಯ್ದು, ಉಳಿದುದನ್ನು ಪೋಖರಾದ ವಸತಿಯಲ್ಲಿಯೇ ಬಿಡಬಹುದು. ಹುರಿಟ್ಟು, ಅವಲಕ್ಕಿ, ಚಟ್ನಿಪುಡಿಗಳ ಡಬ್ಬಿಗಳಿಗೆ ಗೃಹಿಣಿಯರು ಒಂದೆರಡು ಕಿಲೋ ಮೀಸಲಿಡುವುದು ಸಹಜವಾದರೂ, ಅಕ್ಟೋಬರಿನಲ್ಲಿ ಮಾರ್ಫಾದ ಸೇಬು ಕೊಯ್ಲಾಗಿ ದಾರಿಯುದ್ದಕ್ಕೂ ದೊರೆಯುವುದೆಂಬುದನ್ನು ನೆನಪಿಡಿರಿ. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಕಿಲ್ಲ. ಆದರೆ ವಿಮಾನದಲ್ಲಿ ಹೋಗುವವರು ಪಾಸ್‌ಪೋರ್ಟನ್ನಾಗಲಿ ಮತದಾರರ ಗುರುತಿನ ಚೀಟಿಯನ್ನಾಗಲಿ ಜೊತೆಯಲ್ಲಿಟ್ಟುಕೊಳ್ಳಬೇಕು, ಆಧಾರ್ ಚೀಟಿಯೊಂದನ್ನೇ ನಂಬಿ ಹೊರಡಬಾರದು. ಮಕ್ಕಳಿಗೆ ಪಾಸ್‌ಪೋರ್ಟ್ ಇಲ್ಲದಿದ್ದರೆ ಈಗಲೇ ಅರ್ಜಿ ಹಾಕಿರಿ. ಆಶ್ವಯುಜಕ್ಕೆ ಇನ್ನೂ ಸಾಕಷ್ಟು ಸಮಯವಿದೆ.